ಒಳಮನಸ್ಸಿನ ಮಾತು: ಎಲ್ಲಿ ನಂಬಬೇಕು, ಎಲ್ಲಿ ಅಳೆಯಬೇಕು?

ಕೊಯ್ಲಿನ ದಿನಗಳಲ್ಲಿ ನಮ್ಮ ಅನೇಕ ಮನೆಗಳ ಕಣದಲ್ಲಿ ಒಂದು ಸಣ್ಣ ಜಗಳ ನಡೆಯುತ್ತದೆ. ಹಿರಿಯರು ಒಂದು ಹಿಡಿ ಕಾಫಿ ಕಾಯಿ ತೆಗೆದುಕೊಂಡು ಕಿವಿಯ ಹತ್ತಿರ ಅಲುಗಿಸಿ, "ಇನ್ನೂ ಎರಡು ಬಿಸಿಲು ಬೇಕು" ಎನ್ನುತ್ತಾರೆ. ಮಗ ತೇವಾಂಶ ಅಳೆಯುವ ಯಂತ್ರ ತಂದು ತೋರಿಸಿ, "ಅಂದಾಜಿನ ಕಾಲ ಮುಗಿಯಿತು" ಎನ್ನುತ್ತಾನೆ. ಅಪ್ಪನಿಗೆ ಅವಮಾನ, ಮಗನಿಗೆ ಬೇಸರ. ಇದೇ ವಾದ ಗೊಬ್ಬರದ ಲೆಕ್ಕದಲ್ಲಿ, ಔಷಧಿ ಹೊಡೆಯುವ ದಿನ ಗೊತ್ತುಮಾಡುವಲ್ಲಿ, ಮಾಲು ಮಾರುವ ಹೊತ್ತಿನಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಒಬ್ಬರ ಪ್ರಕಾರ ಒಳಮನಸ್ಸಿನ ಮಾತೇ ದೊಡ್ಡದು. ಇನ್ನೊಬ್ಬರ ಪ್ರಕಾರ ಅದು ಬರೀ ಹಳೆಯ ಕಾಲದ ಹಟ.

ಇಬ್ಬರೂ ತಪ್ಪು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ ಎಂದು ನನ್ನ ಅಭಿಪ್ರಾಯ. ಒಳಮನಸ್ಸನ್ನು ನಂಬಬೇಕೇ ಬೇಡವೇ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗದು. ಈ ವಿಷಯದಲ್ಲಿ ನಮ್ಮ ಮನಸ್ಸು ಪಾಠ ಕಲಿತಿದೆಯೇ, ಯಾರಿಂದ ಕಲಿತಿದೆ, ತಪ್ಪಿದಾಗ ಅದನ್ನು ತಿದ್ದಿದವರು ಯಾರು ಎಂದು ಕೇಳಬೇಕು. ಹಾಗೆ ಕೇಳಿದರೆ ಅಪ್ಪ ಎಲ್ಲಿ ಸರಿ, ಮಗ ಎಲ್ಲಿ ಸರಿ ಎಂಬುದು ತಾನಾಗಿ ತಿಳಿಯುತ್ತದೆ.

ಹದ ಎಂಬ ವಿದ್ಯೆ

ಒಳಮನಸ್ಸಿನ ಮಾತು ಎಂದರೆ ದೈವವಾಣಿಯಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರದ ಒಳ್ಳೆಯ ಶಬ್ದವೊಂದಿದೆ: ಹದ. ಬೆಲ್ಲದ ಪಾಕದ ಹದ, ಮಣ್ಣಿನ ಹದ, ಸುಣ್ಣದ ಹದ, ಅಡಿಕೆ ಬೇಯುವ ಹದ. ಒಲೆಯ ಮೇಲಿನ ಹಂಡೆಯಲ್ಲಿ ಸುಲಿದ ಅಡಿಕೆ ಚೊಗರಿನೊಡನೆ ಕುದಿಯುವಾಗ, ಇಷ್ಟು ನಿಮಿಷ ಎಂದು ಗಡಿಯಾರ ನೋಡಿ ಇಳಿಸುವವರು ಕಡಿಮೆ. ಕುದಿಯ ಸದ್ದು, ನೊರೆಯ ಬಣ್ಣ, ಎದ್ದು ಬರುವ ವಾಸನೆ ಮತ್ತು ಒಂದು ಅಡಿಕೆ ತೆಗೆದು ಕುಯ್ದಾಗ ಕತ್ತಿಗೆ ಸಿಗುವ ಬಿಗಿ ಇವೆಲ್ಲ ಸೇರಿ "ಸಾಕು" ಎನ್ನುತ್ತವೆ. ಏಕೆ ಸಾಕು ಎಂದು ಕೇಳಿದರೆ ಬೇಯಿಸುವವರಿಗೆ ವಿವರಿಸಲು ಬಾರದು. ವಿವರಿಸಲು ಬಾರದೆಂದ ಮಾತ್ರಕ್ಕೆ ಅವರಿಗೆ ತಿಳಿದಿಲ್ಲ ಎಂದಲ್ಲ.

ಹಟ್ಟಿಗೆ ಹೋದ ಗೃಹಿಣಿ ಮೇವಿನ ಬುಟ್ಟಿ ಇಳಿಸುವ ಮೊದಲೇ "ಈ ದನಕ್ಕೆ ಏನೋ ಆಗಿದೆ" ಎನ್ನುತ್ತಾಳೆ. ದನ ನಿಂತಿರುತ್ತದೆ, ಮೈ ಬಿಸಿ ಇರುವುದಿಲ್ಲ. ಆದರೆ ಮೆಲುಕು ನಿಂತಿರುತ್ತದೆ, ಕಿವಿ ದಿನದಂತೆ ಆಡುತ್ತಿರುವುದಿಲ್ಲ, ಹೆಜ್ಜೆ ಸದ್ದಿಗೆ ತಲೆ ತಿರುಗಿಸಿರುವುದಿಲ್ಲ. ಇಷ್ಟನ್ನೂ ಕಣ್ಣು ಗಮನಿಸಿದೆ, ಬಾಯಿಗೆ ಇನ್ನೂ ಬಂದಿಲ್ಲ. ಒಳಮನಸ್ಸು ಎಂದು ನಾವು ಕರೆಯುವುದು ಹೆಚ್ಚಿನ ಪಾಲು ಇದೇ. ಸಾವಿರ ಸಲ ನೋಡಿದ್ದನ್ನು ಸಾವಿರದ ಒಂದನೆಯ ಸಲ ಕ್ಷಣಮಾತ್ರದಲ್ಲಿ ಗುರುತಿಸುವುದು.

ಅಮೆರಿಕದ ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ಅಗ್ನಿಶಾಮಕ ದಳದವರೊಡನೆ ಕೂತು ಅವರ ಅನುಭವಗಳನ್ನು ಸಂಗ್ರಹಿಸಿ 1998ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲೊಂದು ಪ್ರಸಂಗ ಪ್ರಸಿದ್ಧವಾಗಿದೆ. ಒಂದು ಮನೆಯ ಹಿಂಭಾಗದ ಅಡಿಗೆಮನೆಗೆ ಬೆಂಕಿ ಬಿದ್ದಿತ್ತು. ದಳದವರು ನೀರು ಹಾಯಿಸಿದರೂ ಬೆಂಕಿ ತಗ್ಗಲಿಲ್ಲ. ನಾಯಕನಿಗೆ ಏನೋ ಸರಿಯಿಲ್ಲ ಎನಿಸಿ ಎಲ್ಲರನ್ನೂ ಹೊರಕ್ಕೆ ಕರೆದ. ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಅವರು ನಿಂತಿದ್ದ ನೆಲ ಕುಸಿಯಿತು. ಮೂಲ ಬೆಂಕಿ ಕೆಳಗಿನ ನೆಲಮಾಳಿಗೆಯಲ್ಲಿತ್ತು. ತನಗೆ ಯಾವುದೋ ಅತೀಂದ್ರಿಯ ಶಕ್ತಿ ಇದೆಯೆಂದು ಆ ನಾಯಕ ನಂಬಿದ್ದನಂತೆ. ಕೆದಕಿ ಕೇಳಿದಾಗ ಬೇರೆಯೇ ಸಂಗತಿ ಹೊರಬಂತು. ಅಷ್ಟು ಸಣ್ಣ ಬೆಂಕಿಗೆ ಕೋಣೆ ಅತಿಯಾಗಿ ಕಾದಿತ್ತು. ಅಷ್ಟು ಕಾವಿಗೆ ತಕ್ಕ ಸದ್ದು ಇರಲಿಲ್ಲ. ಎಷ್ಟೋ ಬೆಂಕಿಗಳನ್ನು ಕಂಡಿದ್ದ ಮನಸ್ಸು ಈ ಬೆಂಕಿ ಲೆಕ್ಕಕ್ಕೆ ಕೂಡುತ್ತಿಲ್ಲ ಎಂದು ಹೇಳಿತ್ತು.

ಇದೇ ಕ್ಲೈನ್ ಮತ್ತು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಡೇನಿಯಲ್ ಕಾನಮನ್ ಈ ವಿಷಯದಲ್ಲಿ ಎದುರಾಳಿಗಳಾಗಿದ್ದರು. ಒಬ್ಬರು ಅಂತಃಪ್ರಜ್ಞೆಯನ್ನು ಮೆಚ್ಚಿದವರು, ಇನ್ನೊಬ್ಬರು ಅದನ್ನು ಸಂಶಯದಿಂದ ನೋಡಿದವರು. 2009ರಲ್ಲಿ ಇಬ್ಬರೂ ಕೂಡಿ ಲೇಖನ ಬರೆದು ಎರಡು ಷರತ್ತುಗಳಿಗೆ ಒಪ್ಪಿದರು. ಮೊದಲನೆಯದು, ಆ ಕೆಲಸದಲ್ಲಿ ಒಂದು ನಿಯಮ, ಒಂದು ಕ್ರಮ ಇರಬೇಕು. ಎರಡನೆಯದು, ಆ ಕ್ರಮವನ್ನು ಕಲಿಯಲು ಮನುಷ್ಯನಿಗೆ ಸಾಕಷ್ಟು ಅವಕಾಶ ಸಿಕ್ಕಿರಬೇಕು. ತಪ್ಪಿದರೆ ತಪ್ಪೆಂದು ಬೇಗ ಗೊತ್ತಾಗಬೇಕು. ಇವೆರಡು ಇದ್ದಲ್ಲಿ ಒಳಮನಸ್ಸು ವಿದ್ಯೆ. ಇಲ್ಲದಲ್ಲಿ ಅದು ಬರೀ ಧೈರ್ಯ.

ನಮ್ಮ ಕಣ್ಣು ಕಲಿತ ಪಾಠಗಳು

ಈ ಎರಡು ಷರತ್ತುಗಳನ್ನು ನಮ್ಮ ತೋಟಕ್ಕೆ ಹಿಡಿದು ನೋಡೋಣ. ಕಣದಲ್ಲಿ ಒಣಗಿಸುವುದು, ಕೊನೆ ಬಲಿತದ್ದನ್ನು ನೆಲದಿಂದಲೇ ಗುರುತಿಸುವುದು, ಅರೇಬಿಕ ಗಿಡಗಳ ಸಾಲಿನಲ್ಲಿ ನಡೆಯುತ್ತ ಕಾಂಡಕೊರಕ ಹೊಕ್ಕ ಗಿಡವನ್ನು ಹಿಡಿಯುವುದು, ಇವೆಲ್ಲ ವರ್ಷವರ್ಷವೂ ಬರುವ ಕೆಲಸಗಳು. ಕೊನೆ ಎಳೆಯದಾದರೆ ತೂಕ ಬಾರದು, ಬಲಿತು ಹೋದರೆ ಗೋಟಾಗುತ್ತದೆ. ಫಲ ಅದೇ ತಿಂಗಳಲ್ಲಿ ಕಣ್ಣಮುಂದೆ ಬರುತ್ತದೆ. ಬೋರರ್ ಇದೆಯೆಂದು ಕಿತ್ತ ಗಿಡವನ್ನು ಸೀಳಿದರೆ ಹುಳು ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ನುರಿತ ಮೇಸ್ತ್ರಿ ಸೊರಗಿದ ಎಲೆಯನ್ನೂ ತೊಗಟೆಯ ಮೇಲಿನ ಉಬ್ಬುಗೆರೆಯನ್ನೂ ಒಂದೇ ನೋಟದಲ್ಲಿ ಕಂಡು ನಿಲ್ಲುತ್ತಾನೆ. ಇಂಥ ಕಣ್ಣನ್ನು ನಂಬದಿರುವುದು ಮೂರ್ಖತನ.

ಈ ನೋಟಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿ ಸಾಕ್ಷಿ ಇದೆ. ಅಡಿಕೆಯ ಕೊಳೆರೋಗಕ್ಕೆ ಶಿಲೀಂಧ್ರ ಕಾರಣ ಎಂದು ತಿಳಿಯುವ ಎಷ್ಟೋ ಮೊದಲೇ ಮಲೆನಾಡಿನ ರೈತರು ಮಳೆಗಾಲಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ನೀರು ತಾಗದ ಕೊನೆ ಉಳಿಯುತ್ತದೆ ಎಂಬುದನ್ನು ಕಣ್ಣು ಕಲಿತಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ದಾರಿ ತೋರಿಸಿದರು. ರೈತನಿಗೆ ಏನು ಮಾಡಬೇಕೆಂದು ತಿಳಿದಿತ್ತು, ಏಕೆಂದು ತಿಳಿದಿರಲಿಲ್ಲ. ವಿಜ್ಞಾನಿ ಏಕೆಂಬುದನ್ನು ತಿಳಿಸಿದ್ದರಿಂದ ಇನ್ನೂ ಸುಲಭದ ಉಪಾಯ ದೊರೆಯಿತು. ಒಂದು ಇನ್ನೊಂದರ ವೈರಿಯಾಗಲಿಲ್ಲ.

ಕಾಫಿಯಲ್ಲೂ ಹೀಗೆಯೇ. ಎಲೆತುಕ್ಕು ರೋಗ ತೋಟಗಳನ್ನು ಬೋಳಾಗಿಸುತ್ತಿದ್ದ ಕಾಲದಲ್ಲಿ, ಸುಮಾರು 1911ರಲ್ಲಿ, ಮೈಸೂರು ಸೀಮೆಯ ಕೆಂಟ್ ಎಂಬ ಪ್ಲಾಂಟರ್ ರೋಗ ತಗಲದ ಒಂದು ಗಿಡವನ್ನು ಗುರುತಿಸಿದ. ನೋಡಿ ಸಂತೋಷಪಟ್ಟು ಮುಂದೆ ಹೋಗಲಿಲ್ಲ. ಅದರ ಬೀಜ ಹಾಕಿ ಬೆಳೆಸಿ ಪರೀಕ್ಷಿಸಿದ. 'ಕೆಂಟ್ಸ್' ತಳಿ ಹೀಗೆ ಬಂತು. ಆದರೆ ಈ ಕತೆಗೆ ಇನ್ನೊಂದು ಭಾಗವೂ ಇದೆ. ವರ್ಷಗಳು ಕಳೆದಂತೆ ತುಕ್ಕುರೋಗದ ಹೊಸ ಬಗೆಗಳು ಬಂದು ಆ ತಳಿಯೂ ಸೋತಿತು. ಒಮ್ಮೆ ಸರಿಯಾಗಿದ್ದ ನೋಟ ಎಂದೆಂದಿಗೂ ಸರಿಯಾಗಿರುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ.

ಮನಸ್ಸು ಪಾಠ ಕಲಿಯದ ಜಾಗಗಳು

ಕಾಫಿ ಕಾಯಿಕೊರಕ ಭಾರತದಲ್ಲಿ ಮೊದಲು ಕಂಡುಬಂದದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಅಲ್ಲಿಯವರೆಗೆ ಮೂರು ತಲೆಮಾರಿನ ಅನುಭವವಿದ್ದ ಬೆಳೆಗಾರನ ಕಣ್ಣಿಗೂ ಕಾಯಿಯ ತುದಿಯ ಸೂಜಿಮೊನೆಯಷ್ಟು ತೂತಿನ ಅರ್ಥ ಗೊತ್ತಿರಲಿಲ್ಲ. ಅಡಿಕೆ ಸೋಗೆ ಹಳದಿಯಾದರೂ ಇದೇ ತೊಡಕು. ಬಸಿಗಾಲುವೆ ಮುಚ್ಚಿ ನೀರು ನಿಂತರೂ ಹಳದಿ, ಪೋಷಕಾಂಶ ಕಡಿಮೆಯಾದರೂ ಹಳದಿ, ಬೇರುಹುಳು ತಿಂದರೂ ಹಳದಿ, ಹಳದಿ ಎಲೆ ರೋಗವಾದರೂ ಹಳದಿ. ಒಂದೇ ಮುಖ, ನಾಲ್ಕು ಕಾರಣ. ಇಲ್ಲಿ ಕಣ್ಣಂದಾಜು ಸಾಲದು. ಬುಡ ಅಗೆದು ನೋಡಬೇಕು, ಮಣ್ಣು ಪರೀಕ್ಷೆಗೆ ಕೊಡಬೇಕು, ವಿಟ್ಲದ ಸಂಶೋಧನ ಕೇಂದ್ರದಂಥ ಕಡೆ ಕೇಳಬೇಕು. ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ಮಲೆನಾಡಿನಲ್ಲಿ ಹಬ್ಬಿದಾಗ "ಇದು ಹಿಂದೆಯೂ ಇತ್ತು, ತಾನಾಗಿ ಹೋಗುತ್ತದೆ" ಎಂದ ಒಳಮನಸ್ಸುಗಳಿಗೆ ಬೆಲೆ ತೆತ್ತದ್ದು ತೋಟ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಬೆಲೆಯ ವಿಷಯದ ಒಳಮನಸ್ಸು. "ಇನ್ನೂ ಏರುತ್ತದೆ ಅಂತ ಮನಸ್ಸು ಹೇಳುತ್ತಿದೆ" ಎಂಬ ಮಾತನ್ನು ಕೇಳದ ಬೆಳೆಗಾರರಿಲ್ಲ. ಆ ಮನಸ್ಸು ಇದನ್ನು ಯಾವ ಶಾಲೆಯಲ್ಲಿ ಕಲಿಯಿತು? 1975ರ ಜುಲೈಯಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಕಾಫಿ ತೋಟಗಳು ಸುಟ್ಟವು, ಲೋಕದ ಬೆಲೆ ಏರಿತು. 1994ರಲ್ಲಿ ಮತ್ತೆ ಹಾಗಾಯಿತು. 2001–02ರ ಹೊತ್ತಿಗೆ ಬೆಲೆ ನೆಲಕಚ್ಚಿತು. ಚಿಕ್ಕಮಗಳೂರಿನ ಅಂಗಳದಲ್ಲಿ ನಿಂತ ಯಾರ ಮೂಗಿಗೂ ಬ್ರೆಜಿಲ್ಲಿನ ಹಿಮದ ವಾಸನೆ ಬರುವುದಿಲ್ಲ. ಒಮ್ಮೆ ಊಹೆ ಸರಿಯಾದರೆ ಹತ್ತು ವರ್ಷ ಅದನ್ನೇ ಹೇಳಿಕೊಳ್ಳುತ್ತೇವೆ, ತಪ್ಪಿದ ಆರು ಸಲವನ್ನು ಮರೆಯುತ್ತೇವೆ. ಹೀಗೆ ಲೆಕ್ಕ ಇಡುವ ವಿದ್ಯಾರ್ಥಿ ಯಾವ ಪಾಠವನ್ನೂ ಕಲಿಯಲಾರ.

ವೆನಿಲ್ಲಾದ ಕತೆಯನ್ನು ನಮ್ಮ ಸದಸ್ಯರಿಗೆ ನೆನಪಿಸಬೇಕಾಗಿಲ್ಲ. 2000ದ ಏಪ್ರಿಲ್‌ನಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ಹಾಳಾಯಿತು. ಬೆಲೆ ಏರುತ್ತ ಹೋಗಿ 2003ರ ಸುಮಾರಿಗೆ ನಮ್ಮಲ್ಲಿ ಹಸಿ ಕೋಡು ಕಿಲೋಗೆ ಸಾವಿರಾರು ರೂಪಾಯಿಗೆ ಹೋಯಿತು. ರಾತ್ರಿ ಕಾವಲು ಕಾದು ಬೆಳೆ ಉಳಿಸಿಕೊಂಡದ್ದುಂಟು. ಬಳ್ಳಿ ನೆಟ್ಟು ಫಲ ಬರಲು ಸುಮಾರು ಮೂರು ವರ್ಷ ಬೇಕು. ನೆರೆಯವನ ಹಣ ಕಂಡು ನೆಟ್ಟವರ ಬಳ್ಳಿ ಕೋಡು ಬಿಡುವ ಹೊತ್ತಿಗೆ ಬೆಲೆ ಬಿದ್ದಿತ್ತು. ಅಲ್ಲಿ ಮಾತಾಡಿದ್ದು ಒಳಮನಸ್ಸಲ್ಲ, ಪಕ್ಕದ ಮನೆಯ ಹೊಸ ಜೀಪು.

1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದಾಗ ಬೆಳೆಗಾರರು ತಮ್ಮ ತಮ್ಮ ಊಹೆಯನ್ನೇ ನಂಬಿ ಕುಳಿತಿದ್ದರೆ 1973ರಲ್ಲಿ ಕ್ಯಾಂಪ್ಕೊ ಹುಟ್ಟುತ್ತಿರಲಿಲ್ಲ. ಒಬ್ಬೊಬ್ಬನ ಅಂದಾಜಿಗೆ ನಿಲುಕದ ಪೇಟೆಯನ್ನು ಎದುರಿಸಲು ಲೆಕ್ಕಪತ್ರ, ಗೋದಾಮು, ಒಟ್ಟು ಖರೀದಿ ಬೇಕೆಂದು ಕಂಡುಕೊಂಡರು. ಸಹಕಾರ ಸಂಘ ಎಂಬುದು ಒಂದು ರೀತಿಯಲ್ಲಿ, ಒಬ್ಬನ ಒಳಮನಸ್ಸು ಎಲ್ಲಿ ಸಾಲದೋ ಅಲ್ಲಿ ಹಲವರು ಕೂಡಿ ಕಟ್ಟಿಕೊಂಡ ಆಸರೆ. ಬೆಲೆಯ ಬಗ್ಗೆ ನನ್ನ ಸಲಹೆ ಹಳೆಯದೇ: ಮಾಲನ್ನು ಎರಡು ಮೂರು ಕಂತಿನಲ್ಲಿ ಮಾರಿರಿ, ಸಾಲದ ಗಡುವು ನೋಡಿ ಮಾರಿರಿ, ಮನಸ್ಸಿನ ಗುಣುಗುಣು ಕೇಳಿ ಅಲ್ಲ.

ಮುಖ ನೋಡಿ ಮಣೆ ಹಾಕುವುದು

ಮನುಷ್ಯರ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಈಗ ನಮ್ಮ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಮುಂತಾದ ದೂರದ ಕಡೆಗಳಿಂದ ಬಂದ ಕಾರ್ಮಿಕರು ದುಡಿಯುತ್ತಿದ್ದಾರೆ. ಮಾತು ಬೇರೆ, ಊಟ ಬೇರೆ. ಒಂದು ಮೂಟೆ ಕರಿಮೆಣಸು ಕಾಣೆಯಾದರೆ "ನನಗೆ ಮೊದಲೇ ಅನಿಸಿತ್ತು" ಎಂದು ಬೆರಳು ಅತ್ತ ತಿರುಗುತ್ತದೆ. ಅವರೊಡನೆ ಹತ್ತು ವರ್ಷ ಬಾಳಿ, ನೂರು ವ್ಯವಹಾರ ಮಾಡಿ ಕಲಿತ ಪಾಠವೇ ಇದು? ಅಲ್ಲ. ಇದು ಅಪರಿಚಿತರನ್ನು ಕಂಡಾಗಿನ ಅಂಜಿಕೆ. ಒಳಮನಸ್ಸಿನ ಅಂಗಿ ತೊಟ್ಟ ಪೂರ್ವಗ್ರಹ. ಅದೇ ಹೊತ್ತಿಗೆ ನಮ್ಮದೇ ಭಾಷೆಯಲ್ಲಿ ನಯವಾಗಿ ಮಾತಾಡಿ, ಮನೆಯವರ ಕ್ಷೇಮ ವಿಚಾರಿಸಿ, ಚೀಟಿ ಇಲ್ಲದೆ ಮಾಲು ತೂಗಿಸಿಕೊಂಡು ಹೋಗುವ ವ್ಯಾಪಾರಿಯ ಮೇಲೆ ಅದೇ ಮನಸ್ಸಿಗೆ ಸಂಶಯ ಹುಟ್ಟುವುದಿಲ್ಲ. ಇಬ್ಬರಿಗೂ ಒಂದೇ ತಕ್ಕಡಿ ಹಿಡಿಯಬೇಕು. ಬೀಗ ಎಲ್ಲರಿಗೂ ಒಂದೇ, ಚೀಟಿಯೂ ಎಲ್ಲರಿಗೂ ಒಂದೇ.

ಬೇಡ ಎನ್ನುವ ಮಾತು, ಬೇಕು ಎನ್ನುವ ಮಾತು

ಹಾಗಾದರೆ ಮನಸ್ಸು ಹೇಳಿದ್ದನ್ನೆಲ್ಲ ಪರೀಕ್ಷಿಸುತ್ತ ಕೂರಬೇಕೇ? ಎಲ್ಲ ಕಡೆಯೂ ಅಲ್ಲ. ಬೇಡ, ನಿಲ್ಲು, ಇಳಿ ಎನ್ನುವ ಮಾತನ್ನು ಒಡನೆ ಕೇಳಬೇಕು. ಬೇಕು, ಕೊಳ್ಳು, ಬಿಡು, ಪರವಾಗಿಲ್ಲ ಎನ್ನುವ ಮಾತನ್ನು ಎರಡು ಸಲ ಅಳೆಯಬೇಕು. ನಿಂತದ್ದರಿಂದ ಆಗುವ ನಷ್ಟ ಸಾಮಾನ್ಯವಾಗಿ ಅರ್ಧ ದಿನದ ಕೂಲಿ. ಮುನ್ನುಗ್ಗಿದ್ದರ ನಷ್ಟಕ್ಕೆ ಮಿತಿಯಿಲ್ಲ.

ಕೊನೆ ತೆಗೆಯುವವನು ಮರದ ಬುಡದಲ್ಲಿ ನಿಂತು, "ಇವತ್ತು ಈ ಮರ ಬೇಡ" ಎಂದರೆ ಕಾರಣ ಕೇಳಿ ವಾದಿಸಬಾರದು. ಕಾಂಡದ ಜಾರು, ಗಾಳಿಯ ಸೆಳೆತ, ಬುಡದ ಕೊಳೆತ, ಯಾವುದನ್ನು ಅವನ ಅಂಗಾಲು ಅರಿತಿದೆಯೋ ನಮಗೆ ತಿಳಿಯದು. ಅಲ್ಯೂಮಿನಿಯಂ ಏಣಿ ಎತ್ತುವಾಗ, ಕಾರ್ಬನ್ ಫೈಬರ್ ದೋಟಿ ಚಾಚುವಾಗ, ಮರಗಸಿ ಮಾಡುವಾಗ ಮೇಲಿನ ತಂತಿ ಹತ್ತಿರವಾಯಿತೇನೋ ಎನಿಸಿದರೆ ಅಲ್ಲೇ ನಿಲ್ಲಿಸಬೇಕು. ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ, ಅದು ಬಿದಿರಲ್ಲ ಎಂಬುದು ಎಲ್ಲರಿಗೂ ತಿಳಿದಿರಲಿ. ಏನೋ ಸರಿಯಿಲ್ಲ ಎಂಬ ಆ ಒಂದು ಕ್ಷಣದ ಅಳುಕಿಗೆ ಬೆಲೆ ಕೊಡದ ಕಡೆ ಜೀವಗಳು ಹೋಗಿವೆ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆಯಲ್ಲಿ ಗುಡ್ಡಗಳು ಜಾರಿದ್ದನ್ನು ನಾವು ಕಂಡಿದ್ದೇವೆ. ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ, ಹೊಸ ಕಡೆ ನೀರು ಉಕ್ಕಿದರೆ, ಅಂಗಳದಲ್ಲಿ ಬಿರುಕು ಬಿಟ್ಟರೆ, ಮರ ಕಂಬಗಳು ಓರೆಯಾದರೆ, ಬಾಗಿಲು ಚೌಕಟ್ಟಿಗೆ ಬಿಗಿಯಾದರೆ ಅದು ಗುಡ್ಡದ ಎಚ್ಚರಿಕೆ. ಇಂಥ ರಾತ್ರಿ ಮನೆಯ ಅಜ್ಜಿ "ನನಗೆ ಇಲ್ಲಿ ಮಲಗಲು ಮನಸ್ಸಿಲ್ಲ" ಎಂದರೆ ಪುರಾವೆ ಕೇಳಬೇಡಿ. ಮಕ್ಕಳನ್ನೂ ದನಗಳನ್ನೂ ಹೊರಡಿಸಿ. ಬೆಳಿಗ್ಗೆ ಏನೂ ಆಗಿಲ್ಲದಿದ್ದರೆ ನಗುತ್ತ ಮರಳಬಹುದು.

ಇದರ ಇನ್ನೊಂದು ಬದಿ ನೋಡಿ. ಮುಂಗಾರಿಗೆ ಮುಂಚೆ ಒಮ್ಮೆ, ನಂತರ 40–45 ದಿನಕ್ಕೆ ಮತ್ತೊಮ್ಮೆ ಬೋರ್ಡೋ ಹೊಡೆಯಬೇಕು. ಜುಲೈಯಲ್ಲಿ ಮಳೆ ಹೊಳವಾದಾಗ ಕೆಲವರ ಮನಸ್ಸು, "ಈ ವರ್ಷ ಮಳೆ ಸಣ್ಣದು, ಎರಡನೆಯದು ಬೇಡ" ಎನ್ನುತ್ತದೆ. ಆ ಮಾತು ಆಕಾಶ ನೋಡಿ ಬಂದದ್ದೋ, ಮೈಲುತುತ್ತದ ಬೆಲೆ ಮತ್ತು ಕೂಲಿಯ ಲೆಕ್ಕ ನೋಡಿ ಬಂದದ್ದೋ? ಕೆಲಸ ಉಳಿಸುವ, ಕಾಸು ಉಳಿಸುವ ಒಳಮಾತು ಕಿವಿಗೆ ಯಾವಾಗಲೂ ಸಿಹಿ. ಆದ್ದರಿಂದಲೇ ಅದಕ್ಕೆ ಸಾಕ್ಷಿ ಕೇಳಬೇಕು. ದ್ರಾವಣ ಸರಿಯಾಯಿತೇ ಎಂದು ಕಣ್ಣಿಗೆ ತೋರಿದರೂ ಕತ್ತಿಯ ಅಲಗನ್ನು ಅದ್ದಿ ನೋಡುವ ಪದ್ಧತಿ ನಮ್ಮಲ್ಲಿದೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಕಣ್ಣನ್ನು ನಂಬು, ಕತ್ತಿಯನ್ನೂ ಅದ್ದು. ಇದಕ್ಕಿಂತ ಒಳ್ಳೆಯ ನೀತಿ ನನಗೆ ಗೊತ್ತಿಲ್ಲ.

ಕಲಿಸುವುದು ಹೇಗೆ?

ಒಳಮನಸ್ಸನ್ನು ಪಳಗಿಸಬಹುದು. ಅದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಂದು ಪೆನ್ಸಿಲ್. ಹಳೆಯ ತೋಟಗಳಲ್ಲಿ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಟ್ಟ ಪುಸ್ತಕಗಳು ಇಂದಿಗೂ ಇವೆ. ಅದೇ ಪುಸ್ತಕದಲ್ಲಿ ಇನ್ನೊಂದು ಕಲಮು ಹಾಕಿರಿ. ಹೂಮಳೆ ಸಾಕಾಯಿತೆಂದು ಅನಿಸಿತೇ, ಸ್ಪ್ರಿಂಕ್ಲರ್ ಹಾಕಬೇಕೆನಿಸಿತೇ, ಅದನ್ನು ಅಂದೇ ಬರೆಯಿರಿ. ಏಕೆ ಅನಿಸಿತೆಂಬುದನ್ನು ಎರಡು ಮಾತಿನಲ್ಲಿ ಸೇರಿಸಿರಿ. ಹೂ ಅರಳಿ ಕಾಯಿ ಕಚ್ಚಿದ ಮೇಲೆ ಫಲವನ್ನು ಪಕ್ಕದಲ್ಲಿ ಬರೆಯಿರಿ. ಬೆಲೆಯ ಊಹೆಗೂ ಹೀಗೆಯೇ ಮಾಡಿರಿ. ಮೂರು ವರ್ಷದಲ್ಲಿ ಪುಸ್ತಕವೇ ನಿಮಗೆ ಹೇಳುತ್ತದೆ, ನಿಮ್ಮ ಮನಸ್ಸು ಮಳೆಯನ್ನು ಬಲ್ಲದೋ ಪೇಟೆಯನ್ನು ಬಲ್ಲದೋ ಎಂದು.

ತೇವಾಂಶದ ಯಂತ್ರ ತಂದ ಮಗನಿಗೂ ಒಂದು ಮಾತು. ಮೊದಲು ಅಪ್ಪನಿಗೆ ಕಾಯಿ ಅಲುಗಿಸಿ ಹೇಳಲು ಬಿಡಿ, ಆಮೇಲೆ ಯಂತ್ರ ಹಿಡಿಯಿರಿ. ಎರಡೂ ಕೂಡಿದರೆ ಅಪ್ಪನ ಕಿವಿ ನಿಮಗೆ ಉಚಿತವಾಗಿ ಸಿಕ್ಕ ಇನ್ನೊಂದು ಯಂತ್ರ. ಕೂಡದಿದ್ದರೆ ಎರಡರಲ್ಲಿ ಒಂದು ಕೆಟ್ಟಿದೆ, ಯಾವುದೆಂದು ಹುಡುಕಿರಿ. ಯಂತ್ರವೂ ಕೆಡುತ್ತದೆ, ಕಿವಿಯೂ ಕೆಡುತ್ತದೆ. ಎರಡೂ ಒಂದೇ ದಿನ ಒಂದೇ ರೀತಿ ಕೆಡುವುದು ಅಪರೂಪ.

ನಿಜವಾದ ಆತಂಕ ಬೇರೆ ಇದೆ. ಈಗ ಅನೇಕ ತೋಟಗಳು ಬೆಂಗಳೂರಿನಿಂದ ಮೊಬೈಲಿನಲ್ಲಿ ನಡೆಯುತ್ತಿವೆ. ವಾರಕ್ಕೊಮ್ಮೆ ಬಂದು ಹೋಗುವವರಿಗೆ ಚಿತ್ರ ಸಿಗುತ್ತದೆ, ಸಂದೇಶ ಸಿಗುತ್ತದೆ, ಹವಾಮಾನ ಇಲಾಖೆಯ ಮುನ್ಸೂಚನೆಯೂ ಸಿಗುತ್ತದೆ. ಬೆಳಗಿನ ಹೊತ್ತು ಸುಮ್ಮನೆ ತೋಟ ಸುತ್ತಿದವನಿಗೆ ಸಿಗುವ "ಏನೋ ಸರಿಯಿಲ್ಲ" ಎಂಬ ಅನಿಸಿಕೆ ಮಾತ್ರ ಸಿಗುವುದಿಲ್ಲ. ಹಂಡೆಯ ಹದ ಬಲ್ಲವರು, ಮರ ಹತ್ತುವವರು, ಬೋರರ್ ಗಿಡ ಗುರುತಿಸುವ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಅವರು ವಿವರಿಸಲಾರದ ವಿದ್ಯೆ ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ದಾಟುತ್ತದೆ.

ಆದ್ದರಿಂದ ಬೆಳೆಗಾರ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಈ ಸಲದ ಕೊಯ್ಲಿನಲ್ಲಿ ಮನೆಯ ಎಳೆಯರಲ್ಲಿ ಒಬ್ಬರನ್ನಾದರೂ ಕಣದಲ್ಲಿ, ಹಂಡೆಯ ಬಳಿ, ಬೋರರ್ ಹಿಡಿಯುವ ಸಾಲಿನಲ್ಲಿ ಜೊತೆಗೆ ನಿಲ್ಲಿಸಿಕೊಳ್ಳಿರಿ. ಉತ್ತರವನ್ನು ನೀವು ಹೇಳುವ ಮೊದಲು "ನಿನಗೆ ಏನನಿಸುತ್ತದೆ?" ಎಂದು ಅವರನ್ನು ಕೇಳಿರಿ. ತಪ್ಪು ಹೇಳಿದರೆ ನಗಬೇಡಿ, ಗಿಡ ಸೀಳಿ ತೋರಿಸಿರಿ.